ಕಾರ್ಡಿಫ್ ಮ್ಯೂಸಿಯಂಗೆ ಅರ್ಧ ದಿನ ಸಾಕಾ?

ಮಕ್ಕಳ ಜೊತೆ ಅರ್ಧ ದಿನ ಸಾಕಾ, ನಿಜವಾಗಿಯೂ ಟಿಕೆಟ್ ಇಲ್ವಾ ಅಂತ ಕೇಳಿದ್ದೀರಿ. ಹೌದು, ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿರೋ ಈ ನ್ಯಾಷನಲ್ ಮ್ಯೂಸಿಯಂಗೆ ಪ್ರವೇಶ ಉಚಿತ. ಕೆಲವು ವಿಶೇಷ ಪ್ರದರ್ಶನಗಳಿಗೆ ಮಾತ್ರ ದುಡ್ಡು ತಗೋತಾರೆ. ಸೋಮವಾರ ಸಾಮಾನ್ಯವಾಗಿ ರಜೆ, ನೋಡ್ಕೊಂಡು ಹೋಗಿ.

ಅರ್ಧ ದಿನ ಸಾಕು, ಆದರೆ ಎಲ್ಲಾ ನೋಡೋ ಆಸೆ ಬಿಡಿ. ಮಕ್ಕಳಿದ್ದಾರಲ್ವಾ, ಮೊದಲು ಪ್ರಾಣಿಗಳ ಕಡೆಗೇ ಹೋಗಿ. ಹಂಪ್‌ಬ್ಯಾಕ್ ತಿಮಿಂಗಿಲದ ಅಸ್ಥಿಪಂಜರ ಇದೆ, ಪಕ್ಕದಲ್ಲಿ ನಿಂತರೆ ದೊಡ್ಡವರೂ ಚಿಕ್ಕವರಾಗಿಬಿಡ್ತಾರೆ. ನನಗೆ ಅದಕ್ಕಿಂತ ಇಷ್ಟ ಅಲ್ಲಿನ ಲೆದರ್‌ಬ್ಯಾಕ್ ಆಮೆ. 1988ರಲ್ಲಿ ವೇಲ್ಸ್‌ನ ಹಾರ್ಲೆಕ್ ಕಡಲತೀರಕ್ಕೆ ಸತ್ತು ಬಂದು ಬಿದ್ದಿದ್ದು, ತೂಕ 900 ಕಿಲೋಗಿಂತ ಜಾಸ್ತಿ. ಬೆನ್ನ ಮೇಲೆ ಗಟ್ಟಿ ಚಿಪ್ಪಿಲ್ಲ, ಚರ್ಮದಂಥ ಹೊದಿಕೆಯ ಮೇಲೆ ಉದ್ದಕ್ಕೆ ಏಣುಗಳಿವೆ, ಅದನ್ನ ಮಕ್ಕಳಿಗೆ ತೋರಿಸಿ.

ಆಮೇಲೆ ಮೇಲಿನ ಮಹಡಿಯ ಚಿತ್ರಗಳು. ಗ್ವೆಂಡೊಲಿನ್ ಮತ್ತು ಮಾರ್ಗರೆಟ್ ಡೇವಿಸ್ ಅನ್ನೋ ಅಕ್ಕತಂಗಿಯರು ತಾವು ಕೂಡಿಸಿದ ಮೊನೆ, ರೆನ್ವಾ, ವ್ಯಾನ್ ಗೋ ಅನ್ನೋ ಹೆಸರಾಂತ ಕಲಾವಿದರ ಚಿತ್ರಗಳನ್ನ ಮ್ಯೂಸಿಯಂಗೇ ಬಿಟ್ಟುಹೋದರು, ಎಂಥ ದೊಡ್ಡ ಮನಸ್ಸು! ವ್ಯಾನ್ ಗೋ 1890ರಲ್ಲಿ, ಸಾಯೋ ವರ್ಷ, ಬರೆದ ಮಳೆಯ ಚಿತ್ರವನ್ನ ಹತ್ತಿರದಿಂದ ನೋಡಿ: ಇಡೀ ಹೊಲದ ಮೇಲೆ ಓರೆಯಾಗಿ ಗೀರಿದ ಹಾಗೆ ಮಳೆಯ ಗೆರೆಗಳು. ರೆನ್ವಾನ ನೀಲಿ ಉಡುಪಿನ ಹೆಂಗಸಿನ ಚಿತ್ರ ಕೆಲವೊಮ್ಮೆ ಬೇರೆ ಕಡೆ ಪ್ರದರ್ಶನಕ್ಕೆ ಹೋಗಿರುತ್ತೆ, ಅದಕ್ಕೇ ಅಂತ ಹೋಗೋದಾದ್ರೆ ಮೊದಲೇ ಅವರ ವೆಬ್‌ಸೈಟ್ ನೋಡಿ.