ಅರ್ಜಿ ತುಂಬಿದ್ದೇನೆ, ಹಾಲ್ ಟಿಕೆಟ್ ಬಂದಿಲ್ಲ: ಪದವಿ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಪದವಿ ವಿದ್ಯಾರ್ಥಿಗಳವು. ‘ಕೊನೆಯ ದಿನಾಂಕದೊಳಗೇ ಕೊಟ್ಟಿದ್ದೆ, ಆದರೂ ಆಗಿಲ್ಲ ಅಂತಾರೆ’ ಎಂಬ ಮಾತು ಹಲವು ಪತ್ರಗಳಲ್ಲಿದೆ. ನೀವು ಅರ್ಜಿ ಕೊಡುವ ದಿನ ಬೇರೆ, ಆ ಕೆಲಸ ಮುಗಿಯುವ ದಿನ ಬೇರೆ. ಸಾಲು ಸಾಲಾಗಿ ವರ್ಷ ಹಾಳಾಗುತ್ತಿರುವುದು ಈ ಎರಡರ ನಡುವಿನ ಅಂತರದಲ್ಲಿ.

ಪ್ರಶ್ನೆ: ಬಿ.ಎ. ಮೂರನೇ ಸೆಮಿಸ್ಟರ್. ಪರೀಕ್ಷಾ ಅರ್ಜಿ ಊರಿನ ಆನ್‌ಲೈನ್ ಅಂಗಡ್ಯಾಗ ತುಂಬಿಸಿದೆ. ಖಾತೆದಿಂದ ರೊಕ್ಕ ಹೋಗ್ಯಾವ. ಪರೀಕ್ಷಾಕ್ಕ ನಾಕು ದಿನ ಉಳದಾವ, ಹಾಲ್ ಟಿಕೆಟ್ ಬಂದಿಲ್ಲ. ಕಾಲೇಜಿನ್ಯಾಗ ಕೇಳಿದ್ರ ‘ನಿಂದು ಅಪ್ರೂವ್ ಆಗಿಲ್ಲ’ ಅಂತಾರ. ಏನ್ ಮಾಡ್ಬೇಕ್ರಿ?
— ವಿದ್ಯಾರ್ಥಿ, ಜೇವರ್ಗಿ

ಉತ್ತರ: ಇವತ್ತೇ ಹೊರಡಿ, ನಾಳೆಗೆ ಇಡಬೇಡಿ. ಮೊದಲು ಬ್ಯಾಂಕಿಗೆ ಹೋಗಿ, ಹಣ ಕಡಿತವಾದ ದಿನದ ಖಾತೆ ವಿವರ ತೆಗೆಸಿ. ಅದರಲ್ಲಿ ವಹಿವಾಟಿನ ಸಂಖ್ಯೆ ಕಾಣಬೇಕು. ಆಮೇಲೆ ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ಪೋರ್ಟಲ್ ಆದ ಯುಯುಸಿಎಂಎಸ್‌ನಲ್ಲಿ ನಿಮ್ಮದೇ ಲಾಗಿನ್ ತೆರೆದು ಅರ್ಜಿಯ ಸ್ಥಿತಿ ನೋಡಿ. ಮೂರರಲ್ಲಿ ಒಂದು ಆಗಿರುತ್ತದೆ.

ಶುಲ್ಕ ಪಾವತಿಯಾಗಿದೆ ಎಂದು ತೋರಿಸಿ ಕಾಲೇಜಿನ ಅನುಮೋದನೆ ಮಾತ್ರ ಬಾಕಿ ಇದ್ದರೆ, ಅದು ಪ್ರಾಚಾರ್ಯರ ಲಾಗಿನ್‌ನಲ್ಲಿ ಆಗಬೇಕಾದ ಕೆಲಸ. ಹಾಜರಿ ಕೊರತೆ, ಕಾಲೇಜು ಶುಲ್ಕ ಬಾಕಿ, ತಪ್ಪು ವಿಷಯದ ಆಯ್ಕೆ, ಈ ಮೂರೇ ಸಾಮಾನ್ಯವಾಗಿ ತಡೆಯುವ ಕಾರಣ. ಯಾವುದು ಎಂದು ಕೇಳಿ ಅಲ್ಲೇ ಸರಿಪಡಿಸಿಕೊಳ್ಳಿ. ಹಣ ಕಡಿತವಾಗಿದ್ದರೂ ಅರ್ಜಿಯಲ್ಲಿ ‘ಬಾಕಿ’ ಎಂದಿದ್ದರೆ ಬ್ಯಾಂಕಿನಿಂದ ಪೋರ್ಟಲ್‌ಗೆ ಉತ್ತರ ತಲುಪಿಲ್ಲ ಎಂದರ್ಥ. ಗಾಬರಿಯಲ್ಲಿ ಎರಡನೇ ಸಲ ಕಟ್ಟಬೇಡಿ. ಪಾವತಿಯ ಸ್ಥಿತಿಯನ್ನು ಮೊದಲು ಮತ್ತೊಮ್ಮೆ ಪರಿಶೀಲಿಸಿ. ವಿಫಲವಾಗಿದೆ ಎಂದೇ ಬಂದರೆ ಆ ಹಣ ಸಾಮಾನ್ಯವಾಗಿ ಕೆಲವು ಕೆಲಸದ ದಿನಗಳಲ್ಲಿ ಖಾತೆಗೆ ಮರಳುತ್ತದೆ. ಆಗ ಮಾತ್ರ ದಂಡ ಸಹಿತ ಅವಧಿ ಇನ್ನೂ ಉಳಿದಿದೆಯೇ ನೋಡಿ ಮತ್ತೆ ಕಟ್ಟಿ.

ಮೂರನೆಯದು ಬಹಳ ನೋವಿನದು: ಅಂಗಡಿಯವರು ಅರ್ಧ ತುಂಬಿ ಉಳಿಸಿರುತ್ತಾರೆ, ಸಲ್ಲಿಸಿರುವುದೇ ಇಲ್ಲ. ನಿಮ್ಮ ಕೈಯಲ್ಲಿರುವ ಮುದ್ರಿತ ಹಾಳೆಯಲ್ಲಿ ಅರ್ಜಿ ಸಂಖ್ಯೆ ಮತ್ತು ಸಲ್ಲಿಸಿದ ದಿನಾಂಕ ಎರಡೂ ಇಲ್ಲದಿದ್ದರೆ ಅದು ಬರೀ ಕರಡು.

ಮೂರರಲ್ಲಿ ಯಾವುದೇ ಆಗಿರಲಿ, ಒಂದು ಪುಟದ ಮನವಿ ಬರೆಯಿರಿ: ನೋಂದಣಿ ಸಂಖ್ಯೆ, ಸೆಮಿಸ್ಟರ್, ವಿಷಯಗಳು, ಪಾವತಿಯ ದಿನ, ಮೊತ್ತ, ವಹಿವಾಟಿನ ಸಂಖ್ಯೆ. ಇದಕ್ಕೆ ಬ್ಯಾಂಕ್ ವಿವರ ಲಗತ್ತಿಸಿ, ಪ್ರಾಚಾರ್ಯರ ಶಿಫಾರಸು ಪತ್ರದೊಂದಿಗೆ ವಿಶ್ವವಿದ್ಯಾಲಯದ ಕುಲಸಚಿವರು (ಮೌಲ್ಯಮಾಪನ) ಅವರ ಕಚೇರಿಗೆ ಒಯ್ಯಿರಿ. ಬರೀ ‘ಕುಲಸಚಿವರು’ ಎಂದು ಬರೆದರೆ ಪತ್ರ ಆಡಳಿತದ ಕಡೆ ಹೋಗಿ ಎರಡು ದಿನ ಅಲ್ಲೇ ಕೂಡುತ್ತದೆ. ಪರೀಕ್ಷೆಯ ಮಾತೆಲ್ಲ ಮೌಲ್ಯಮಾಪನದ್ದು, ಪ್ರವೇಶ ಮತ್ತು ವರ್ಗಾವಣೆಯ ಮಾತು ಆಡಳಿತದ್ದು. ಮನವಿಯ ಇನ್ನೊಂದು ಪ್ರತಿಯ ಮೇಲೆ ಆವಕ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ಮುಂದಿನ ಸಲಕ್ಕೆ: ಅಧಿಸೂಚನೆಯಲ್ಲಿ ಸಾಮಾನ್ಯವಾಗಿ ದಂಡವಿಲ್ಲದೆ ಕಟ್ಟುವ ದಿನ, ದಂಡ ಸಹಿತ ದಿನ, ಕೆಲವೊಮ್ಮೆ ವಿಶೇಷ ದಂಡದ ದಿನ, ಕಾಲೇಜು ಅನುಮೋದಿಸುವ ದಿನ ಬೇರೆ ಬೇರೆ ಇರುತ್ತವೆ. ನಿಮಗೆ ಲೆಕ್ಕಕ್ಕೆ ಬರಬೇಕಾದದ್ದು ಮೊದಲನೆಯದು. ಅದಕ್ಕೂ ಐದು ದಿನ ಮುಂಚೆ ಮುಗಿಸಿದರೆ ಕಾಲೇಜಿನ ಗುಮಾಸ್ತರಿಗೂ ನೋಡಲು ಸಮಯವಿರುತ್ತದೆ. ಕೊನೆಯ ಸಂಜೆ ಎಲ್ಲರೂ ಒಟ್ಟಿಗೆ ತೆರೆದಾಗ ಪೋರ್ಟಲ್ ನಿಧಾನವಾಗುತ್ತದೆ, ಪಾವತಿಗಳು ಸಿಕ್ಕಿಬೀಳುವುದು ಆಗಲೇ. ಇನ್ನೊಂದು ಮಾತು: ಲಾಗಿನ್‌ಗೆ ಅಂಗಡಿಯವರ ಮೊಬೈಲ್ ನಂಬರ್ ಕೊಡಬೇಡಿ. ಒಟಿಪಿ ಅವರ ಫೋನಿಗೆ ಹೋಗುತ್ತದೆ, ಆ ಅಂಗಡಿ ಮುಚ್ಚಿದ ದಿನ ನಿಮ್ಮ ಅರ್ಜಿಯೂ ಮುಚ್ಚಿದಂತೆಯೇ.

ಪ್ರಶ್ನೆ: ತೊಗರಿ ರಾಶಿ ಟೈಮಿಗೆ ಹೊಲದಾಗ ಕೆಲಸ ಇತ್ತು. ಸುಮಾರು ಒಂದು ತಿಂಗಳ ಕಾಲೇಜಿಗಿ ಹೋಗಿಲ್ಲ. ಹಾಜರಿ 75 ಪರ್ಸೆಂಟ್ ಬೇಕು ಅಂತಾರ. ಡಾಕ್ಟರ್ ಸರ್ಟಿಫಿಕೇಟ್ ಕೊಟ್ರ ನಡೀತದೇನ್ರಿ?
— ಬಿ.ಕಾಂ. ವಿದ್ಯಾರ್ಥಿ, ಆಳಂದ ತಾಲ್ಲೂಕು

ಉತ್ತರ: ಸುಳ್ಳು ವೈದ್ಯಕೀಯ ಪತ್ರ ಬೇಡ. ಅದು ಹಾಜರಿ ಕೊರತೆಗಿಂತ ದೊಡ್ಡ ತಪ್ಪು, ಸಿಕ್ಕಿಬಿದ್ದರೆ ಶಿಸ್ತು ಕ್ರಮಕ್ಕೆ ದಾರಿಯಾಗುತ್ತದೆ. ಮೊದಲು ನಿಮ್ಮ ಲೆಕ್ಕ ಮಾಡಿ, ಪರಿಸ್ಥಿತಿ ನೀವು ಅಂದುಕೊಂಡಷ್ಟು ಕೆಟ್ಟಿರಲಿಕ್ಕಿಲ್ಲ.

ಹಾಜರಿಯನ್ನು ಒಟ್ಟಾರೆ ನೋಡುವುದಿಲ್ಲ, ಪ್ರತಿ ವಿಷಯಕ್ಕೆ ಬೇರೆಯಾಗಿ ನೋಡುತ್ತಾರೆ. ವಾರಕ್ಕೆ 4 ತರಗತಿ, 16 ವಾರ ಎಂದರೆ ಒಂದು ವಿಷಯಕ್ಕೆ 64 ತರಗತಿ. ಅದರ 75 ಪ್ರತಿಶತ 48. ಅಂದರೆ 16 ತರಗತಿ ತಪ್ಪಿದರೂ ಗಡಿಯೊಳಗೇ ಇರುತ್ತೀರಿ. ಒಂದು ತಿಂಗಳ ಗೈರು ಎಂದರೆ ಆ ವಿಷಯದಲ್ಲಿ ಸರಿಯಾಗಿ ಆ 16 ಖರ್ಚಾಗಿದೆ. ಉಳಿದ ಎಲ್ಲ ತರಗತಿಗೂ ಕೂತಿದ್ದರೆ ನೀವು 48ರಲ್ಲೇ ಇದ್ದೀರಿ, ಇನ್ನೊಂದು ತಪ್ಪಿದರೆ ಕೆಳಗೆ. ವಾರಕ್ಕೆ 2 ತರಗತಿಯ ವಿಷಯದಲ್ಲಿ ಒಟ್ಟು 32, ಅಲ್ಲಿ ತಪ್ಪಬಹುದಾದದ್ದು 8 ಮಾತ್ರ. ವಿದ್ಯಾರ್ಥಿಗಳು ಸಿಕ್ಕಿಬೀಳುವುದು ಹೆಚ್ಚಾಗಿ ಇಂಥ ಚಿಕ್ಕ ವಿಷಯಗಳಲ್ಲಿ, ಯಾಕೆಂದರೆ ಹಬ್ಬದ ರಜೆ ಸೇರಿ ಅಲ್ಲಿ ನಡೆಯುವ ತರಗತಿಗಳೇ ಕಡಿಮೆ.

ಗಮನಿಸಿ: ಲೆಕ್ಕಕ್ಕೆ ಹಿಡಿಯುವುದು ವೇಳಾಪಟ್ಟಿಯ ತರಗತಿಗಳನ್ನಲ್ಲ, ನಿಜವಾಗಿ ನಡೆದವನ್ನು. ನಡೆದದ್ದು 50 ಆದರೆ ಬೇಕಾದದ್ದು 38. ಆದ್ದರಿಂದ ಹಾಜರಿ ಪುಸ್ತಕದಲ್ಲಿ ನಡೆದ ತರಗತಿ ಎಷ್ಟು, ನೀವು ಬಂದದ್ದೆಷ್ಟು ಎಂದು ವಿಷಯವಾರು ಬರೆಸಿಕೊಳ್ಳಿ. ಎನ್‌ಸಿಸಿ, ಎನ್‌ಎಸ್‌ಎಸ್ ಶಿಬಿರ, ಕ್ರೀಡಾಕೂಟಕ್ಕೆ ಕಾಲೇಜಿನ ಆದೇಶದಂತೆ ಹೋಗಿದ್ದರೆ ಆ ದಿನಗಳ ಆದೇಶದ ಪ್ರತಿ ವಿಭಾಗಕ್ಕೆ ತಲುಪಿದೆಯೇ ನೋಡಿ. ಎಷ್ಟೋ ಸಲ ಆದೇಶ ದೈಹಿಕ ಶಿಕ್ಷಣ ನಿರ್ದೇಶಕರ ಮೇಜಿನ ಮೇಲೇ ಉಳಿದಿರುತ್ತದೆ. ಕೊರತೆ ಒಂದೆರಡು ತರಗತಿಯಷ್ಟೇ ಇದ್ದರೆ, ಪರೀಕ್ಷಾ ಅರ್ಜಿ ಅನುಮೋದನೆಗೆ ಮುಂಚೆಯೇ ವಿಭಾಗದ ಮುಖ್ಯಸ್ಥರ ಮೂಲಕ ಪ್ರಾಚಾರ್ಯರಿಗೆ ನಿಜ ಕಾರಣದ ಪತ್ರ ಕೊಡಿ, ಕಾಲೇಜು ವಿಶೇಷ ತರಗತಿ ಇಟ್ಟರೆ ಬಿಡಬೇಡಿ. ಕೊರತೆಯ ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಕಾಲೇಜಿನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಪ್ರಶ್ನೆ: ನಾನು 2022ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ನೋಂದಣಿಯಾದವಳು. ಎರಡು ವಿಷಯ ಬಾಕಿ ಇವೆ. ಈಗ ನಮ್ಮ ಕಾಲೇಜು ಬೀದರ್ ವಿಶ್ವವಿದ್ಯಾಲಯಕ್ಕೆ ಸೇರಿದೆ. ನಾನು ಎಲ್ಲಿ ಬರೆಯಬೇಕು?
— ವಿದ್ಯಾರ್ಥಿನಿ, ಭಾಲ್ಕಿ

ಉತ್ತರ: ಬೀದರ್ ವಿಶ್ವವಿದ್ಯಾಲಯ ಆರಂಭವಾದದ್ದು 2023ರಲ್ಲಿ. ನಿಮ್ಮ ಅಂಕಪಟ್ಟಿಯ ತಲೆಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಅದರ ಅಧಿಸೂಚನೆಯೇ ನಿಮಗೆ ಅನ್ವಯ. ಗೆಳತಿಯರ ವಾಟ್ಸ್ಆ್ಯಪ್ ಗುಂಪಿಗೆ ಬರುವ ದಿನಾಂಕಗಳು ಬೇರೆ ವಿಶ್ವವಿದ್ಯಾಲಯದವಾಗಿರಬಹುದು, ನಂಬಿ ಕೂರಬೇಡಿ. ಯಾದಗಿರಿ ಜಿಲ್ಲೆಯ ಹಳೆಯ ಬ್ಯಾಚಿನವರಿಗೂ ಇದೇ ಮಾತು. ಅಲ್ಲಿನ ಕಾಲೇಜುಗಳು ರಾಯಚೂರಿನ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಹೋಗಿವೆ.

ಇನ್ನೊಂದು ಎಚ್ಚರಿಕೆ ಪಠ್ಯಕ್ರಮದ್ದು. 2021-22ರಿಂದ 2023-24ರವರೆಗೆ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯವರು: ಲಿಖಿತ ಪರೀಕ್ಷೆಗೆ 60, ಆಂತರಿಕಕ್ಕೆ 40. 2024-25ರಿಂದ ಸೇರಿದವರದು ರಾಜ್ಯ ಶಿಕ್ಷಣ ನೀತಿ: 80 ಮತ್ತು 20. ವಿಷಯದ ಹೆಸರು ಒಂದೇ ಇದ್ದರೂ ಪಠ್ಯವೂ ಪ್ರಶ್ನೆಪತ್ರಿಕೆಯ ಸಂಕೇತವೂ ಬೇರೆ. ಪರೀಕ್ಷಾ ಕೊಠಡಿಯಲ್ಲಿ ಕಿರಿಯರ ಜೊತೆ ಕೂರಿಸಿ 80 ಅಂಕದ ಪತ್ರಿಕೆ ಕೈಗಿತ್ತರೆ, ಬರೆಯುವ ಮುಂಚೆ ಹಾಲ್ ಟಿಕೆಟ್‌ನ ಸಂಕೇತದೊಂದಿಗೆ ಹೋಲಿಸಿ ಮೇಲ್ವಿಚಾರಕರಿಗೆ ಹೇಳಿ. ಬರೆದ ಮೇಲೆ ಸರಿಪಡಿಸುವುದು ಬಹಳ ಕಷ್ಟ. ಅಂಗಡಿಯಲ್ಲಿ ಗೈಡ್ ಕೊಳ್ಳುವಾಗಲೂ ಇದೇ ನೋಡಿ.

ಪ್ರಶ್ನೆ: ಚೆನ್ನಾಗಿ ಬರೆದಿದ್ದ ವಿಷಯದಲ್ಲೇ ಫೇಲಾಗಿದ್ದೇನೆ. ಮರು ಮೌಲ್ಯಮಾಪನಕ್ಕೆ ಹಾಕಲೋ, ಮತ್ತೆ ಪರೀಕ್ಷೆ ಬರೆಯಲೋ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಯಾದಗಿರಿ

ಉತ್ತರ: ಎರಡನ್ನೂ ಮಾಡಿ. ಮರು ಮೌಲ್ಯಮಾಪನದ ಫಲಿತಾಂಶ ಮುಂದಿನ ಪರೀಕ್ಷಾ ಅರ್ಜಿಯ ದಿನಾಂಕ ಮುಗಿದ ಮೇಲೆ ಬಂದರೆ ಇನ್ನೊಂದು ಅವಕಾಶ ಕೈತಪ್ಪುತ್ತದೆ. ಆದ್ದರಿಂದ ಬಾಕಿ ವಿಷಯಕ್ಕೆ ಅರ್ಜಿ ಹಾಕಿಯೇ ಇರಿ.

ಫಲಿತಾಂಶ ಬಂದ ಕೂಡಲೇ ಉತ್ತರ ಪತ್ರಿಕೆಯ ನಕಲು ಪ್ರತಿಗೆ ಅರ್ಜಿ ಹಾಕಿ. ಪ್ರತಿ ಬಂದಾಗ ಹೀಗೆ ನೋಡಿ: ಒಳಪುಟಗಳ ಅಂಕ ಕೂಡಿಸಿದರೆ ಮೊದಲ ಪುಟದ ಮೊತ್ತಕ್ಕೆ ಸರಿಹೋಗುತ್ತದೆಯೇ? ಯಾವುದಾದರೂ ಉತ್ತರಕ್ಕೆ ಅಂಕವೇ ಬಿದ್ದಿಲ್ಲವೇ? ಹೆಚ್ಚುವರಿ ಹಾಳೆ ಕಟ್ಟಿದ್ದರೆ ಅದರ ಮೇಲೆ ಕೆಂಪು ಗುರುತಿದೆಯೇ? ಕೂಡಿಕೆಯ ತಪ್ಪಾಗಿದ್ದರೆ ಮರು ಎಣಿಕೆಯೇ ಸಾಕು. ನಕಲು ಪ್ರತಿ ಬರುವ ಹೊತ್ತಿಗೆ ಮರು ಮೌಲ್ಯಮಾಪನದ ಅವಧಿ ಮುಗಿಯುವಂತಿದ್ದರೆ ಕಾಯದೆ ಎರಡಕ್ಕೂ ಒಟ್ಟಿಗೆ ಹಾಕಿ. ಆಂತರಿಕ ಅಂಕಕ್ಕೂ ಪ್ರಾಯೋಗಿಕ ಪರೀಕ್ಷೆಗೂ ಇದು ಅನ್ವಯಿಸುವುದಿಲ್ಲ.

ಆ ಅವಧಿ ತಪ್ಪಿದ್ದರೆ ಮಾಹಿತಿ ಹಕ್ಕಿನ ದಾರಿ ಇದೆ. ಪರೀಕ್ಷೆ ಬರೆದವರು ತಮ್ಮ ಮೌಲ್ಯಮಾಪನವಾದ ಉತ್ತರ ಪತ್ರಿಕೆ ನೋಡುವ, ಪ್ರತಿ ಪಡೆಯುವ ಹಕ್ಕುಳ್ಳವರು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. 10 ರೂಪಾಯಿ ಶುಲ್ಕದೊಂದಿಗೆ ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರ ಕೊಡಬೇಕು. ಆದರೆ ಪತ್ರಿಕೆಗಳನ್ನು ಕಾದಿರಿಸುವ ಅವಧಿಯೊಳಗೆ ಮಾತ್ರ ಈ ಹಕ್ಕು. ಮಾಹಿತಿ ಹಕ್ಕಿನಿಂದ ಪ್ರತಿ ಸಿಗುತ್ತದೆ, ಮರು ಮೌಲ್ಯಮಾಪನ ಸಿಗುವುದಿಲ್ಲ.

ಪ್ರಶ್ನೆ: ಪದವಿ ಕಾಲೇಜಿಗೆ 20,000 ರೂ. ಕಟ್ಟಿ ಸೇರಿದ ಮಗಳಿಗೆ ಬೇರೆ ಕೋರ್ಸಿನ ಸೀಟು ಸಿಕ್ಕಿದೆ. ‘ಕಟ್ಟಿದ್ದು ವಾಪಸ್ ಇಲ್ಲ, ಟಿ.ಸಿ. ಬೇಕಾದರೆ ಪೂರ್ತಿ ಕೋರ್ಸಿನ ಶುಲ್ಕ ಕಟ್ಟಿ’ ಎನ್ನುತ್ತಿದ್ದಾರೆ.
— ಪಾಲಕರು, ಹುಮನಾಬಾದ್

ಉತ್ತರ: ಹಾಗೆ ಹೇಳುವಂತಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ಅಧಿಸೂಚನೆಯ ಪ್ರಕಾರ ಪ್ರವೇಶದ ಘೋಷಿತ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಪೂರ್ತಿ ಹಣ ವಾಪಸು. ಅದರಲ್ಲಿ ಕಾಲೇಜು ಹಿಡಿಯಬಹುದಾದದ್ದು ಹೆಚ್ಚೆಂದರೆ 5 ಪ್ರತಿಶತ, ಅದೂ 5,000 ರೂ. ಮೀರದಂತೆ. ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಉಳಿದಾಗ ಬಿಟ್ಟರೆ 90 ಪ್ರತಿಶತ, ಕೊನೆಯ ದಿನದ ನಂತರ 15 ದಿನದೊಳಗೆ 80, 16ರಿಂದ 30ನೇ ದಿನದವರೆಗೆ 50, ಆಮೇಲೆ ಏನೂ ಇಲ್ಲ. ಕೊನೆಯ ದಿನ ಕಳೆದು 12 ದಿನಕ್ಕೆ ಬಿಟ್ಟಿದ್ದರೆ ನಿಮಗೆ ಬರಬೇಕಾದದ್ದು 16,000. ಠೇವಣಿ ಹಣ ಈ ಲೆಕ್ಕಕ್ಕೆ ಸೇರುವುದಿಲ್ಲ, ಅದು ಪೂರ್ತಿ ಬೇರೆಯಾಗಿ ಮರಳಬೇಕು. ಕೆಲವು ವರ್ಷ ಯುಜಿಸಿ ಇನ್ನೂ ಉದಾರವಾದ ದಿನಾಂಕ ಕೊಡುತ್ತದೆ. 2024-25ಕ್ಕೆ ಸೆಪ್ಟೆಂಬರ್ 30ರವರೆಗೆ ಬಿಟ್ಟವರಿಗೆ ಪೂರ್ತಿ, ಅಕ್ಟೋಬರ್ 31ರವರೆಗೆ ಬಿಟ್ಟವರಿಗೆ 1,000 ರೂ. ಮೀರದಂತೆ ಮುರಿದು ಕೊಡಬೇಕೆಂದಿತ್ತು.

ಎಲ್ಲವೂ ನಿಂತಿರುವುದು ನೀವು ಲಿಖಿತವಾಗಿ ಬಿಟ್ಟ ದಿನದ ಮೇಲೆ. ಬಾಯಿಮಾತಿನಲ್ಲಿ ಹೇಳಿ ಮನೆಗೆ ಬಂದರೆ ದಿನ ಎಣಿಕೆ ಶುರುವೇ ಆಗುವುದಿಲ್ಲ. ಇಂದೇ ಪತ್ರ ಕೊಟ್ಟು ಆವಕ ಮುದ್ರೆ ಪಡೆಯಿರಿ, ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಶೀದಿ ಇಟ್ಟುಕೊಳ್ಳಿ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವ ಅಧಿಕಾರ ಕಾಲೇಜಿಗಿಲ್ಲ.

ಪ್ರಶ್ನೆ: ಸುರಪುರದಲ್ಲಿ ನಾಲ್ಕನೇ ಸೆಮಿಸ್ಟರ್ ಓದುತ್ತಿದ್ದೇನೆ. ಮದುವೆಯಾಗಿ ಕಲಬುರಗಿಗೆ ಬಂದಿದ್ದೇನೆ, ಈಗ ಐದು ತಿಂಗಳ ಗರ್ಭಿಣಿ. ಕಾಲೇಜು ಬದಲಿಸಬಹುದೇ? ಬಿಡಲು ಮನಸ್ಸಿಲ್ಲ.
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಬಿಡಬೇಡಿ. ವರ್ಗಾವಣೆಗೆ ಅವಕಾಶ ಇರುವುದು ಸಾಮಾನ್ಯವಾಗಿ ಬೆಸ ಸೆಮಿಸ್ಟರ್‌ನ ಆರಂಭದಲ್ಲಿ, ಅಂದರೆ ನಿಮಗೆ ಐದನೆಯದಕ್ಕೆ. ನಾಲ್ಕನೆಯದನ್ನು ಈಗಿರುವ ಕಾಲೇಜಿನಲ್ಲೇ ಮುಗಿಸಿ. ಅಷ್ಟರೊಳಗೆ ಕಲಬುರಗಿಯ ಕಾಲೇಜಿನಲ್ಲಿ ನಿಮ್ಮದೇ ವಿಷಯಗಳ ಜೋಡಿ ಇದೆಯೇ, ಸೀಟು ಖಾಲಿ ಇದೆಯೇ ವಿಚಾರಿಸಿ. ವಿಷಯ ಹೊಂದದಿರುವುದೇ ಅರ್ಜಿ ತಿರಸ್ಕಾರವಾಗಲು ದೊಡ್ಡ ಕಾರಣ. ಎರಡೂ ಕಾಲೇಜುಗಳ ನಿರಾಕ್ಷೇಪಣಾ ಪತ್ರ ಬೇಕು, ವಿಶ್ವವಿದ್ಯಾಲಯ ಬೇರೆಯಾಗುವುದರಿಂದ ಎರಡು ಕಡೆಯ ಅನುಮತಿ, ವಲಸೆ ಪ್ರಮಾಣ ಪತ್ರವೂ ಬೇಕು. ಫಲಿತಾಂಶಕ್ಕೆ ಕಾಯದೆ ಪರೀಕ್ಷೆ ಮುಗಿದ ವಾರವೇ ಓಡಾಟ ಶುರು ಮಾಡಿ.

ಹಾಜರಿಯ ಮಾತು: ತಾಯ್ತನದ ಕಾರಣಕ್ಕೆ ಪದವಿ ವಿದ್ಯಾರ್ಥಿನಿಯರಿಗೂ ಹಾಜರಿಯಲ್ಲಿ, ಪರೀಕ್ಷಾ ಅರ್ಜಿಯ ದಿನಾಂಕದಲ್ಲಿ ಸಡಿಲಿಕೆ ಕೊಡಿ ಎಂದು ಯುಜಿಸಿ 2021ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಬರೆದಿದೆ. ತಾಯಿ ಕಾರ್ಡಿನ ಪ್ರತಿ ಮತ್ತು ವೈದ್ಯರ ಪತ್ರ ಇಟ್ಟು, ಆ ಯುಜಿಸಿ ಪತ್ರವನ್ನು ಹೆಸರಿಸಿ ಪ್ರಾಚಾರ್ಯರಿಗೆ ಈಗಲೇ ಮನವಿ ಕೊಡಿ. ಹೆರಿಗೆಯಾದ ಮೇಲೆ ಕೊಟ್ಟರೆ ಹಿಂದಿನ ಗೈರನ್ನು ಒಪ್ಪಿಸುವುದು ಕಷ್ಟ.

ಪ್ರಶ್ನೆ: ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿದೆ, ಎಸ್ಸೆಸ್ಸೆಲ್ಸಿಯಲ್ಲಿ ಬರೀ ನನ್ನ ಹೆಸರು. ಎಬಿಸಿ ಐಡಿ (ಕ್ರೆಡಿಟ್‌ಗಳ ಖಾತೆ ಸಂಖ್ಯೆ) ಹೊಂದುತ್ತಿಲ್ಲ, ವಿದ್ಯಾರ್ಥಿವೇತನವೂ ಬಂದಿಲ್ಲ.
— ವಿದ್ಯಾರ್ಥಿ, ಶಹಾಪುರ

ಉತ್ತರ: ಎರಡಕ್ಕೂ ಬೇರು ಒಂದೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನೇ ಆಧಾರವಾಗಿಟ್ಟುಕೊಂಡು ಆಧಾರ್ ತಿದ್ದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ, ಆದ್ದರಿಂದ ಅಕ್ಷರ ಅಕ್ಷರ ನೋಡಿ ಕೊಡಿ. ಆಮೇಲೆ ಡಿಜಿಲಾಕರ್‌ನಲ್ಲಿ 12 ಅಂಕಿಯ ಐಡಿ ಪಡೆದು ಯುಯುಸಿಎಂಎಸ್‌ನಲ್ಲಿ ಸೇರಿಸಿ.

ವಿದ್ಯಾರ್ಥಿವೇತನಕ್ಕೆ ಇನ್ನೊಂದು ಹೆಜ್ಜೆ: ಖಾತೆ ಇದ್ದರೆ ಸಾಲದು, ಆ ಖಾತೆಗೆ ಆಧಾರ್ ಜೋಡಣೆ ಬ್ಯಾಂಕುಗಳ ಪಾವತಿ ಸಂಸ್ಥೆಯಾದ ಎನ್‌ಪಿಸಿಐ ಮಟ್ಟದಲ್ಲಿ ಆಗಿರಬೇಕು. ಬ್ಯಾಂಕಿನಲ್ಲಿ ಈ ಮಾತನ್ನೇ ಹೇಳಿ ಫಾರಂ ಕೊಡಿ. ಬರೀ ‘ಆಧಾರ್ ಲಿಂಕ್’ ಎಂದರೆ ಕೆವೈಸಿ ಮಾಡಿ ಕಳಿಸುತ್ತಾರೆ, ಹಣ ಬೇರಾವುದೋ ಹಳೆಯ ಖಾತೆಗೆ ಹೋಗುತ್ತಿರುತ್ತದೆ. ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿಗೆ ಮುಂಚೆ ಕಾಲೇಜಿನಲ್ಲಿ ದಾಖಲೆಗಳ ಇ-ದೃಢೀಕರಣ ಆಗಿರಬೇಕು. ಆದಾಯ ಪ್ರಮಾಣ ಪತ್ರದ ಅವಧಿ 5 ವರ್ಷ, ಪಿಯುಸಿಯಲ್ಲಿ ಮಾಡಿಸಿದ್ದು ಪದವಿಯ ನಡುವೆ ಮುಗಿದಿರಬಹುದು, ಆರ್‌ಡಿ ಸಂಖ್ಯೆಯ ಪಕ್ಕದ ದಿನಾಂಕ ನೋಡಿ.

ಪ್ರಶ್ನೆ: ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಎಂ.ಎ.ಗೆ 371(ಜೆ) (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣ ಪತ್ರ ಯಾವಾಗ ಮಾಡಿಸಬೇಕು?
— ವಿದ್ಯಾರ್ಥಿ, ಚಿತ್ತಾಪುರ

ಉತ್ತರ: ಈಗಲೇ. ಕಲ್ಯಾಣ ಕರ್ನಾಟಕದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ 70 ಪ್ರತಿಶತ, ರಾಜ್ಯ ಮಟ್ಟದ ಸಂಸ್ಥೆಗಳಲ್ಲಿ 8 ಪ್ರತಿಶತ ಸೀಟು ಈ ಪತ್ರದ ಮೇಲೆ ನಿಂತಿದೆ. ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಪ್ರವೇಶದ ವಾರದಲ್ಲಿ ಆ ಕಚೇರಿ ತುಂಬಿ ತುಳುಕುತ್ತದೆ. ಪಿಯುಸಿಗೋ ಸಿಇಟಿಗೋ ಆಗಲೇ ಮಾಡಿಸಿದ್ದರೆ ಮನೆಯ ಪೆಟ್ಟಿಗೆ ಮೊದಲು ಹುಡುಕಿ. ಹೆಸರು ಅಂಕಪಟ್ಟಿಗೆ ಹೊಂದುತ್ತಿದ್ದರೆ ಅದನ್ನೇ ತೋರಿಸಿ.