‘ಲಾರಿ ಹ್ಯಾಸ್ ಲೆಫ್ಟ್ ಯೆಸ್ಟರ್ಡೇ’ ಎಂದು ಬರೆದರೆ ತಪ್ಪೇನು?

ಕೋಲಾರದ ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ನೀವು ಹೊರರಾಜ್ಯದ ವ್ಯಾಪಾರಿಗೆ ‘ದಿ ಲಾರಿ ಹ್ಯಾಸ್ ಲೆಫ್ಟ್ ಯೆಸ್ಟರ್ಡೇ’ ಎಂದು ಸಂದೇಶ ಕಳುಹಿಸಿದಿರಿ. ಅತ್ತ ಕಡೆಯವರು ಅದನ್ನು ತಿದ್ದಿದರು. ಅರ್ಥವಾದ ಮೇಲೆ ತಪ್ಪೇನು ಎಂಬುದು ನಿಮ್ಮ ಪ್ರಶ್ನೆ.

ಅವರು ತಿದ್ದಿದ್ದು ಸರಿ. ‘ದಿ ಲಾರಿ ಲೆಫ್ಟ್ ಯೆಸ್ಟರ್ಡೇ’ ಎಂದರೆ ಸಾಕು. ಇದೇ ಜಿಲ್ಲೆಯ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸುವ ನನಗೆ ಈ ಬಗೆಯ ವಾಕ್ಯ ವರ್ಷವಿಡೀ ಎದುರಾಗುತ್ತದೆ. ನಾಚಿಕೊಳ್ಳುವಂಥದ್ದು ಅದರಲ್ಲಿ ಏನೂ ಇಲ್ಲ. ‘ಲಾರಿ ನಿನ್ನೆಯೇ ಹೊರಟಿದೆ’ ಎಂದು ನಾವು ದಿನವೂ ಹೇಳುತ್ತೇವೆ. ಕನ್ನಡದಲ್ಲಿ ‘ನಿನ್ನೆ’ಗೂ ‘ಹೊರಟಿದೆ’ಗೂ ಜಗಳವಿಲ್ಲ. ಇಂಗ್ಲಿಷಿನಲ್ಲಿ ಇದೆ. ಅಲ್ಲಿ ಹ್ಯಾಸ್, ಹ್ಯಾವ್ ಬಂದರೆ ವಾಕ್ಯದ ಕಣ್ಣು ಈ ಹೊತ್ತಿನ ಮೇಲಿರುತ್ತದೆ: ಲಾರಿ ಹೊರಟಾಯಿತು, ಸರಕು ಇಳಿಸಿಕೊಳ್ಳಲು ನೀವು ಸಿದ್ಧರಾಗಿ. ನಿನ್ನೆ, ಹೋದ ವಾರ, 2019ರಲ್ಲಿ, ಎರಡು ಗಂಟೆಯ ಹಿಂದೆ ಎಂದು ಮುಗಿದ ಕಾಲವನ್ನು ಹೆಸರಿಸಿದ ಕೂಡಲೇ ಬರಿಯ ಭೂತಕಾಲ ಬೇಕು. ಆದ್ದರಿಂದಲೇ ‘ವೆನ್ ಹ್ಯಾವ್ ಯು ಸೆಂಟ್ ದಿ ಬಿಲ್?’ ಕೂಡ ಸರಿಯಲ್ಲ. ‘ವೆನ್ ಡಿಡ್ ಯು ಸೆಂಡ್ ದಿ ಬಿಲ್?’ ಎಂದು ಕೇಳಿ.

ಕಾಲ ಮುಗಿದಿದೆಯೇ ಇಲ್ಲವೇ ಎಂಬುದು ನೀವು ಬರೆಯುವ ಗಳಿಗೆಯನ್ನು ಅವಲಂಬಿಸಿದೆ. ಈ ಸೂಕ್ಷ್ಮ ನನಗೆ ಬಹಳ ಇಷ್ಟ. ಬೆಳಿಗ್ಗೆ ಹರಾಜು ನಡೆಯುತ್ತಿರುವಾಗ ‘ಪ್ರೈಸಸ್ ಹ್ಯಾವ್ ಫಾಲನ್ ದಿಸ್ ಮಾರ್ನಿಂಗ್’ ಎನ್ನಬಹುದು. ಅದೇ ಸುದ್ದಿಯನ್ನು ಸಂಜೆ ಬರೆಯುವಾಗ ಬೆಳಗು ಮುಗಿದಿರುತ್ತದೆ. ಆಗ ‘ಪ್ರೈಸಸ್ ಫೆಲ್ ದಿಸ್ ಮಾರ್ನಿಂಗ್’. ಟುಡೇ, ದಿಸ್ ವೀಕ್ ಜೊತೆಗೆ ಸಂದರ್ಭ ನೋಡಿ ಎರಡನ್ನೂ ಬಳಸಬಹುದು. ಜಸ್ಟ್, ಆಲ್ರೆಡಿ ಜೊತೆಗೆ ಬ್ರಿಟಿಷರು ಸಾಮಾನ್ಯವಾಗಿ ಹ್ಯಾವ್ ಬಳಸುತ್ತಾರೆ, ಅಮೆರಿಕನ್ನರು ಬರಿಯ ಭೂತಕಾಲದಲ್ಲೂ ಹೇಳುತ್ತಾರೆ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ತಿದ್ದಿಕೊಳ್ಳುವ ಭರದಲ್ಲಿ ಅನೇಕರು ‘ಹ್ಯಾಡ್ ಲೆಫ್ಟ್ ಯೆಸ್ಟರ್ಡೇ’ ಎಂದು ಬರೆಯುತ್ತಾರೆ. ಹ್ಯಾಡ್ ಬೇಕಾಗುವುದು ನಡೆದುಹೋದ ಇನ್ನೊಂದು ಘಟನೆಗಿಂತಲೂ ಇದು ಮೊದಲು ನಡೆಯಿತು ಎನ್ನುವಾಗ: ‘ವೆನ್ ಯು ಕಾಲ್ಡ್, ದಿ ಲಾರಿ ಹ್ಯಾಡ್ ಲೆಫ್ಟ್.’ ನೀವು ಫೋನ್ ಮಾಡುವಷ್ಟರಲ್ಲಿ ಲಾರಿ ಹೊರಟಿತ್ತು ಎಂದರ್ಥ.

ಮಂಡಿಯ ಸಂದೇಶಕ್ಕೆ ನಾನು ಸೂಚಿಸುವ ಕ್ರಮವೆಂದರೆ, ಮೊದಲು ಸುದ್ದಿಗೆ ಹ್ಯಾಸ್, ಆಮೇಲೆ ವಿವರಕ್ಕೆ ಭೂತಕಾಲ: ‘ಯುವರ್ ಲಾರಿ ಹ್ಯಾಸ್ ಲೆಫ್ಟ್. ಇಟ್ ಲೆಫ್ಟ್ ಕೋಲಾರ್ ಅಟ್ ಸಿಕ್ಸ್ ಯೆಸ್ಟರ್ಡೇ ಈವ್ನಿಂಗ್.’