ತವರುಮನೆಯ ಫೋಟೊಗಳು ಯಾರ ಪಾಲಿಗೆ?

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ನಮ್ಮ ತವರುಮನೆಯಲ್ಲಿ ನಾಲ್ಕು ತಲೆಮಾರಿನ ಫೋಟೊಗಳು ಅಟ್ಟದ ಟ್ರಂಕಿನಲ್ಲಿವೆ. ಬೆಂಗಳೂರಿಗೆ ತಂದು ಸ್ಕ್ಯಾನ್ ಮಾಡಿಸುತ್ತೇನೆಂದರೆ ಅಣ್ಣ ಒಪ್ಪುವುದಿಲ್ಲ; ಹಿಂದೆ ಬಂಧುವೊಬ್ಬರು ಒಯ್ದ ಅಜ್ಜ–ಅಜ್ಜಿಯ ಪಟ ಮರಳಿ ಬರಲೇ ಇಲ್ಲವೆನ್ನುತ್ತಾನೆ. ತಂಗಿ ಮೂರು ಪಾಲು ಮಾಡೋಣವೆನ್ನುತ್ತಾಳೆ. ಹಳಬರ ಗುರುತು ಹೇಳಬಲ್ಲವರು 86 ವರ್ಷದ ಸೋದರತ್ತೆ ಒಬ್ಬರೇ. ಏನು ಮಾಡಲಿ?

ಉತ್ತರ: ನಿಮ್ಮ ಅಣ್ಣನ ಮಾತಿನಲ್ಲಿ ನನಗೆ ಹಟಕ್ಕಿಂತ ಭಯವೇ ಹೆಚ್ಚು ಕಾಣುತ್ತದೆ, ಮತ್ತು ಆ ಭಯಕ್ಕೆ ಕಾರಣವೂ ಇದೆ. ಆದ್ದರಿಂದ ಫೋಟೊಗಳನ್ನು ಕೇಳುವುದನ್ನು ಬಿಟ್ಟು, ಒಂದೂ ಹೊಸ್ತಿಲು ದಾಟುವುದಿಲ್ಲವೆಂದು ಮಾತು ಕೊಟ್ಟು, ಸ್ಕ್ಯಾನರ್ ಹಿಡಿದು ನೀವೇ ತವರಿಗೆ ಹೋಗಿ. ಪಾಲು ಮಾಡುವುದನ್ನಂತೂ ನಾನು ಒಪ್ಪಲಾರೆ. ಒಂದೇ ಮದುವೆಯ ಚಿತ್ರಗಳು ಮೂರು ಊರು ಸೇರಿದರೆ, ಒಂದರಲ್ಲಿ ಗುರುತು ಸಿಕ್ಕ ಮುಖದಿಂದ ಇನ್ನೊಂದರ ಮುಖವನ್ನು ಪತ್ತೆಹಚ್ಚುವ ದಾರಿಯೇ ಮುಚ್ಚಿಹೋಗುತ್ತದೆ. ಪ್ರತಿಗಳು ಮೂವರಿಗೂ ಸಿಗಲಿ, ಮೂಲಗಳು ಒಂದೆಡೆ ಇರಲಿ.

ಎಲ್ಲಕ್ಕಿಂತ ಮೊದಲು ಸೋದರತ್ತೆಯವರ ಜೊತೆ ಕುಳಿತುಕೊಳ್ಳಿ. ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದಾಗಿ ತೋರಿಸುತ್ತ, ಅವರು ಹೇಳಿದ್ದನ್ನೆಲ್ಲ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಅವರು ದಣಿದರೆ ಅಲ್ಲಿಗೇ ನಿಲ್ಲಿಸಿ, ಮರುದಿನ ಮುಂದುವರಿಸಿ. ಹೆಸರುಗಳನ್ನು ಫೋಟೊದ ಹಿಂಬದಿಯ ಅಂಚಿನಲ್ಲಿ ಮೃದುವಾದ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂಬದಿಗೂ ಮೂಡುತ್ತದೆ.

ಸ್ಕ್ಯಾನಿಂಗನ್ನು ಅಜ್ಜನ ಕಾಲದ ಚಿತ್ರಗಳಿಂದಲ್ಲ, 1970–80ರ ದಶಕದ ಬಣ್ಣದ ಫೋಟೊಗಳಿಂದ ಆರಂಭಿಸಿ. ಕಪ್ಪು-ಬಿಳುಪಿನ ಚಿತ್ರ ಬೆಳ್ಳಿಯ ಕಣಗಳಿಂದಾದುದು, ಹೆಚ್ಚು ಕಾಲ ಬಾಳುತ್ತದೆ. ಆ ಕಾಲದ ಬಣ್ಣಗಳಾದರೋ ಕತ್ತಲಲ್ಲಿಟ್ಟರೂ ಮಾಸುತ್ತ ಕೆಂಪಗಾಗುತ್ತವೆ. ಸಣ್ಣ ಫೋಟೊಗಳಿಗೆ 600 ಡಿಪಿಐ (ಇಂಚಿಗೆ 600 ಚುಕ್ಕಿಗಳ ಸೂಕ್ಷ್ಮತೆ), ವಿವರ ಕುಗ್ಗದಂತೆ ಉಳಿಸುವ ಟಿಫ್ ಕಡತ ಸೂಕ್ತ. ಅಂಟುಹಾಳೆಯ ಆಲ್ಬಮ್ಮಿನಿಂದ ಚಿತ್ರಗಳನ್ನು ಕೀಳದೆ ಪುಟವನ್ನೇ ಸ್ಕ್ಯಾನ್ ಮಾಡಿ. ಗಾಜಿಗೆ ಅಂಟಿಕೊಂಡಿರುವ ಪಟವನ್ನು ದಯವಿಟ್ಟು ಎಳೆಯಬೇಡಿ, ಗಾಜಿನ ಮೇಲಿಂದಲೇ ಅದರ ಫೋಟೊ ತೆಗೆಯಿರಿ.

ಅಣ್ಣನಿಗೆ ಒಂದು ವಿಷಯವನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಅಟ್ಟವು ಫೋಟೊಗಳಿಗೆ ತಕ್ಕ ಜಾಗವಲ್ಲ. ಫೋಟೊದ ಮೇಲ್ಪದರವಾದ ಜೆಲಟಿನ್ ತೇವ ಹೀರಿ ಉಬ್ಬುತ್ತದೆ, ಒಂದಕ್ಕೊಂದು ಅಂಟುತ್ತದೆ, ಬೂಷ್ಟು ಹಿಡಿಯುತ್ತದೆ. ಹೊರಗೋಡೆಗೆ ತಾಗದ ಒಳಕೋಣೆಯ ಬೀರುವಿನಲ್ಲಿ, ಆಮ್ಲರಹಿತ ಕಾಗದದ ಲಕೋಟೆಗಳಲ್ಲಿಟ್ಟು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಆಗಾಗ ಬದಲಿಸಲಿ. ನ್ಯಾಫ್ತಲೀನ್ ಗುಳಿಗೆ ಬೇಡ, ಲ್ಯಾಮಿನೇಷನ್ ಬೇಡವೇ ಬೇಡ.

ತಂಗಿಗೆ ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿದ ಚಿತ್ರಗಳನ್ನಲ್ಲ, ಪೂರ್ಣ ಕಡತಗಳನ್ನೇ ಕೊಡಿ. ಆಗ ಅವರ ಪಾಲಿನ ಬೇಡಿಕೆಯೂ ತಣ್ಣಗಾಗಬಹುದು. ಮೂವರ ಮನೆಯಲ್ಲೂ ಒಂದೊಂದು ಹಾರ್ಡ್ ಡಿಸ್ಕ್ ಇರಲಿ. ಅವೂ ಕೆಡುವಂಥವೇ ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ ಹೊಸದಕ್ಕೆ ನಕಲಿಸಬೇಕಾಗುತ್ತದೆ; ಆ ಹೊಣೆಯನ್ನು ಮನೆಯ ಮಕ್ಕಳಲ್ಲಿ ಆಸಕ್ತಿಯಿರುವ ಒಬ್ಬರಿಗೆ ಈಗಲೇ ವಹಿಸಿ, ಸ್ಕ್ಯಾನ್ ಮಾಡುವಾಗಲೂ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.